ಅಮೆರಿಕದ ಸ್ಕೀ ತಂಡಕ್ಕೆ ದೇಣಿಗೆ: ಕೊಡಬಹುದಾ?

ಕೊಡಬಹುದು, ಖಂಡಿತ. ಈ ತಂಡವನ್ನು ನಡೆಸುವ ಯುಎಸ್ ಸ್ಕೀ ಆ್ಯಂಡ್ ಸ್ನೋಬೋರ್ಡ್ ಸಂಸ್ಥೆಗೆ ನಾನು ಸಣ್ಣ ಮೊತ್ತದಲ್ಲೇ ಕೊಡುತ್ತೇನೆ. ಅಮೆರಿಕದಲ್ಲಿ ಒಲಿಂಪಿಕ್ಸ್ ತಂಡಕ್ಕೆ ಸರ್ಕಾರ ನೇರವಾಗಿ ದುಡ್ಡು ಕೊಡುವುದಿಲ್ಲ. ಪ್ರಾಯೋಜಕರು ಮತ್ತು ನಮ್ಮಂಥ ದಾನಿಗಳೇ ಆಧಾರ. ಇದು ಲಾಭರಹಿತ ಸಂಸ್ಥೆ, ಹಾಗಾಗಿ ಅಮೆರಿಕದಲ್ಲಿ ತೆರಿಗೆ ಕಟ್ಟುವವರಿಗೆ ವಿನಾಯಿತಿಗೂ ದಾರಿ ಇದೆ.

ನನಗೆ ಜಾಸ್ತಿ ಹಿಡಿಸಿದ್ದು ದುಡ್ಡು ಹೋಗುವ ಜಾಗ. ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ 2009ರಲ್ಲಿ ಶುರುವಾದ ಇವರ ತರಬೇತಿ ಕೇಂದ್ರ ಇದೆ. ಜಿಮ್, ಗಾಯದ ಚಿಕಿತ್ಸೆ, ಕ್ರೀಡಾ ವಿಜ್ಞಾನ ಎಲ್ಲ ಒಂದೇ ಸೂರಿನಡಿ. ಮಂಡಿಯ ಲಿಗಮೆಂಟ್ ಹರಿದುಕೊಂಡ ಸ್ಕೀಯರ್ ಮತ್ತೆ ಇಳಿಜಾರಿಗೆ ಇಳಿಯಲು ಎಷ್ಟೋ ತಿಂಗಳು ಬೇಕು, ಅಷ್ಟೂ ದಿನ ಫಿಸಿಯೋ, ಕೋಚ್, ಊಟ ಎಲ್ಲ ನಡೆಯಬೇಕಲ್ವಾ? ಹಿಮದ ಮೇಲೆ ಸ್ಕೀ ತೊಟ್ಟು ದೂರ ಸಾಗುವ ಕ್ರಾಸ್ ಕಂಟ್ರಿ ಆಟದಲ್ಲಂತೂ ಹಿಮದ ಗುಣ ನೋಡಿ ಸ್ಕೀಗೆ ವ್ಯಾಕ್ಸ್ (ಮೇಣ) ಹಚ್ಚುವ ತಂತ್ರಜ್ಞರೇ ಅರ್ಧ ಬಲ. 2018ರ ಚಳಿಗಾಲದ ಒಲಿಂಪಿಕ್ಸ್ ವೇಳೆ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗ್‌ನಲ್ಲಿ ಜೆಸ್ಸಿ ಡಿಗ್ಗಿನ್ಸ್ ಮತ್ತು ಕಿಕ್ಕನ್ ರ್‍ಯಾಂಡಲ್ ಗೆದ್ದಿದ್ದು ಈ ಆಟದಲ್ಲಿ ಅಮೆರಿಕದ ಮೊದಲ ಚಿನ್ನ. ಆ ಕೊನೆಯ ತಿರುವನ್ನು ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಕೊರತೆ ಒಂದಿದೆ. ಹೆಸರು ಮಾಡಿದವರಿಗೆ ಪ್ರಾಯೋಜಕರು ತಾವಾಗಿ ಬರುತ್ತಾರೆ, ಕೆಳಹಂತದ ಹುಡುಗ ಹುಡುಗಿಯರು ಪ್ರಯಾಣದ ಖರ್ಚಿಗೆ ಸ್ವಂತವಾಗಿ ದುಡ್ಡು ಎತ್ತಬೇಕಾಗುತ್ತದೆ. ನನಗಿದು ಸರಿ ಕಾಣುವುದಿಲ್ಲ. ನಮ್ಮ ಭಾರತದ ಲೂಜ್ (ಮಂಜುಗಡ್ಡೆಯ ಹಾದಿಯಲ್ಲಿ ಸ್ಲೆಡ್ ಮೇಲೆ ಮಲಗಿ ಜಾರುವ ಆಟ) ಆಟಗಾರ ಶಿವ ಕೇಶವನ್ 6 ಚಳಿಗಾಲದ ಒಲಿಂಪಿಕ್ಸ್ ಆಡಿದ್ದೂ ಜನರ ದುಡ್ಡಿನ ಆಸರೆ ಪಡೆದೇ.

ದೊಡ್ಡ ಮೊತ್ತ ಕೊಡುವವರು ಮೊದಲು ಸಂಸ್ಥೆಯ ವಾರ್ಷಿಕ ವರದಿ ಓದಿ. ನಿಮ್ಮ ಕಂಪನಿ ದೇಣಿಗೆಗೆ ಸಮಪಾಲು ಸೇರಿಸುತ್ತದಾ ಅಂತಲೂ ಕೇಳಿ ನೋಡಿ.