ಹಳೆಯ ಸ್ಟೈಲ್‌ಶೀಟ್‌ಗೆ ಕತ್ತರಿ: ನಾಲ್ಕು ದಾರಿಗಳ ಹೋಲಿಕೆ

ಶಿವಮೊಗ್ಗದ ಸ್ಥಳೀಯ ಸುದ್ದಿತಾಣವೊಂದರ ಸಿಎಸ್‌ಎಸ್ ಕಡತಗಳನ್ನು, ಅಂದರೆ ಪುಟದ ಬಣ್ಣ, ವಿನ್ಯಾಸದ ನಿಯಮಗಳಿರುವ ಸ್ಟೈಲ್‌ಶೀಟ್‌ಗಳನ್ನು, ಹಸನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿ, ಅಡಿಕೆ ದರ, ಜಲಾಶಯದ ಮಟ್ಟ, ಒಂದೊಂದನ್ನೂ ಒಬ್ಬೊಬ್ಬರು ಕಟ್ಟಿ ಹೋಗಿದ್ದಾರೆ. ಯಾವ ನಿಯಮ ಬದುಕಿದೆ, ಯಾವುದು ಸತ್ತಿದೆ ಎಂದು ಹೇಳುವವರಿಲ್ಲ. ತಾಣದ ನಕಲೊಂದನ್ನು ಇಟ್ಟುಕೊಂಡು ಪರೀಕ್ಷೆಗೆ ಇಳಿದೆ.

ಬಳಕೆಯಾಗದ ನಿಯಮಗಳನ್ನು ತಾನೇ ಅಳಿಸುವ ಪರ್ಜ್‌ಸಿಎಸ್‌ಎಸ್ ಎಂಬ ಉಪಕರಣಕ್ಕೆ ವೇಗದಲ್ಲಿ ಸಾಟಿಯಿಲ್ಲ. ಆದರೆ ಅದು ಪುಟಗಳ ಅಚ್ಚುಗಳಾದ ಟೆಂಪ್ಲೇಟ್‌ಗಳನ್ನು ಬರೀ ಅಕ್ಷರಗಳಾಗಿ ಓದಿ, ಅಲ್ಲಿ ಕಾಣದ ಕ್ಲಾಸ್‌ಗಳನ್ನೆಲ್ಲ (ಪುಟದ ಭಾಗಕ್ಕೆ ನಿಯಮವನ್ನು ಜೋಡಿಸುವ ಹೆಸರುಗಳನ್ನು) ಕಿತ್ತೆಸೆಯುತ್ತದೆ. ನಮ್ಮ ದರಪಟ್ಟಿಯಲ್ಲಿ ‘ದರ-’ ಎಂಬುದಕ್ಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಹೆಸರು ಅಂಟಿಕೊಳ್ಳುವುದು ಪುಟ ತೆರೆದಾಗಲೇ. ‘ದರ-ಸರಕು’ ಎಂಬ ಇಡೀ ಹೆಸರು ಯಾವ ಕಡತದಲ್ಲೂ ಇಲ್ಲ. ಪಟ್ಟಿಯ ಬಣ್ಣವೆಲ್ಲ ಮಾಯ. ಉಳಿಸಬೇಕಾದವುಗಳ ಸೇಫ್‌ಲಿಸ್ಟ್ ಕೊಡಬಹುದು, ನಿಜ. ಅವು ಯಾವುವೆಂದು ಗೊತ್ತಿದ್ದರೆ ಈ ಉಪಕರಣದ ಹಂಗೇ ಬೇಕಿರಲಿಲ್ಲ.

ಕ್ರೋಮ್ ಬ್ರೌಸರ್‌ನ ಡೆವಲಪರ್ ಉಪಕರಣಗಳಲ್ಲಿರುವ ಕವರೇಜ್ ಫಲಕ ಬಳಕೆಯಾಗದ ನಿಯಮಗಳನ್ನು ಕೆಂಪಾಗಿ ತೋರಿಸುತ್ತದೆ. ಆದರೆ ಅದರ ಲೆಕ್ಕಕ್ಕೆ ಸಿಗುವುದು ನಾನು ಆಗ ತೆರೆದ ಪುಟ ಮಾತ್ರ. ಬೇಸಿಗೆಯಲ್ಲಿ ಓಡಿಸಿದರೆ ಶಾಲೆಗೆ ಮಳೆರಜೆ ಸಾರುವ ಪಟ್ಟಿಯೂ, ಲಿಂಗನಮಕ್ಕಿ ಜಲಾಶಯದ ನೀರು ಪೂರ್ಣಮಟ್ಟವಾದ 1,819 ಅಡಿಯನ್ನು ಸಮೀಪಿಸಿದಾಗಷ್ಟೇ ಕಾಣುವ ಎಚ್ಚರಿಕೆಯೂ ಸತ್ತವರ ಸಾಲಿಗೆ ಸೇರುತ್ತವೆ.

2022ರಿಂದ ಮುಖ್ಯ ಬ್ರೌಸರ್‌ಗಳೆಲ್ಲ ಬಲ್ಲ ‘@ಲೇಯರ್’, ನಿಯಮಗಳನ್ನು ಪದರಗಳಾಗಿ ಜೋಡಿಸುವ ಸಿಎಸ್‌ಎಸ್ ಸೂಚನೆ, ಏನನ್ನೂ ಅಳಿಸುವುದಿಲ್ಲ. ಹಳೆಯದನ್ನೆಲ್ಲ ಪದರವೊಂದಕ್ಕೆ ತುಂಬಿದರೆ ಹೊರಗಿನ ಹೊಸ ನಿಯಮ ಗೆಲ್ಲುತ್ತದೆ. ನಿಯಮಕ್ಕೆ ಹೆಚ್ಚು ಆದ್ಯತೆ ಕೊಡುವ ‘ಇಂಪಾರ್ಟೆಂಟ್’ ಗುರುತು ಹಚ್ಚಿದಲ್ಲಿ ಮಾತ್ರ ತಿರುವುಮುರುವು, ಪದರದೊಳಗಿನದೇ ಮೇಲುಗೈ. ಹಳೆಯ ಬ್ರೌಸರ್ ಇಡೀ ಪದರವನ್ನೇ ಓದದೆ ಬಿಡುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಹಳೆಯ ಫೋನಿನ ಓದುಗರಿರುವ ತಾಣಕ್ಕೆ ಇದು ಬೇಡವೆನ್ನಿಸಿತು.

ನನಗೆ ಒಪ್ಪಿಗೆಯಾದದ್ದು ಎಲ್ಲಕ್ಕಿಂತ ನಿಧಾನದ ದಾರಿ. ಕವರೇಜ್ ಸಂಶಯಪಟ್ಟ ನಿಯಮಕ್ಕೆ, ಅದರದೇ ಹೆಸರು ಹೊತ್ತ ಒಂದು ಪಿಕ್ಸೆಲ್‌ನ ಪಾರದರ್ಶಕ ಜಿಫ್ ಅನ್ನು ಹಿನ್ನೆಲೆ ಚಿತ್ರವಾಗಿ ಕೊಡುವುದು. ಯಾವ ಮೂಲೆಯ ಯಾವ ಓದುಗನ ಪುಟದಲ್ಲಾದರೂ ಆ ನಿಯಮ ಹತ್ತಿದರೆ ಬ್ರೌಸರ್ ಆ ಚಿತ್ರವನ್ನು ಕೇಳುತ್ತದೆ, ಸರ್ವರ್‌ನ ಲಾಗ್ ಎಂಬ ದಾಖಲೆಯಲ್ಲಿ ಹೆಸರು ಬೀಳುತ್ತದೆ. ಯಾರೂ ತೆರೆಯುವುದಿಲ್ಲವೆಂದುಕೊಂಡಿದ್ದ ಹಳೆಯ ಮದುವೆ ಜಾಹೀರಾತಿನ ಪುಟಗಳೂ ಹೀಗೆ ಸಿಕ್ಕಿಬಿದ್ದವು. ಮಳೆಗಾಲವೂ ಅಡಿಕೆ ಕೊಯ್ಲೂ ಮುಗಿಯುವವರೆಗೆ ಕಾದು, ಕೇಳಿಕೆಯೇ ಬರದವನ್ನು ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್‌ನಲ್ಲಿ ಚಿಕ್ಕ ಚಿಕ್ಕ ಕಮಿಟ್‌ಗಳಾಗಿ (ಬೇರೆ ಬೇರೆಯಾಗಿ ದಾಖಲಿಸಿದ ಬದಲಾವಣೆಗಳಾಗಿ) ಅಳಿಸಿದೆ. ಎಡವಟ್ಟಾದರೆ ಅದೊಂದನ್ನೇ ಹಿಂದಕ್ಕೆ ತರಬಹುದು. ಮೊದಲೇ ಹಿನ್ನೆಲೆ ಚಿತ್ರವಿರುವ ನಿಯಮಕ್ಕೆ ಜಿಫ್ ಹಾಕಿದರೆ ಇದ್ದ ಚಿತ್ರ ಹೋಗುತ್ತದೆ. ಮುದ್ರಣದ ನಿಯಮಗಳಿಗೂ ಈ ಉಪಾಯವನ್ನು ನಂಬುವಂತಿಲ್ಲ. ಅವನ್ನು ಪುಟ ಪ್ರಿಂಟ್ ಹಾಕಿ ಕಣ್ಣಿನಿಂದಲೇ ನೋಡುತ್ತಿದ್ದೇನೆ.