ಮೆಕ್ಯಾನಿಕ್ ಸ್ಟೆತೊಸ್ಕೋಪ್: ಹಳೆಯ ಕಾರಿನ ಜೊತೆ ಆರು ಚಳಿಗಾಲ ಬಳಸಿದ ಮೇಲೆ

ನನ್ನ ಹತ್ತೊಂಬತ್ತು ವರ್ಷದ ಪೆಟ್ರೋಲ್ ಕಾರು ಬೇಸಿಗೆಯಲ್ಲಿ ಯಾವ ತಕರಾರನ್ನೂ ಮಾಡುವುದಿಲ್ಲ. ಚಳಿ ಬಿದ್ದರೆ ಸಾಕು, ಬೆಳಗ್ಗೆ ಕೀಲಿ ತಿರುಗಿಸಿದಾಗ ಟಕಟಕ, ಕಿರ್ರ್, ಗರಗರ ಎಲ್ಲ ಶುರುವಾಗುತ್ತವೆ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದೆಲ್ಲ ಅಡಗಿರುತ್ತದೆ. ಅಲ್ಲಿದ್ದವರಿಗೆ ಕೇಳಿಸದ ಸದ್ದನ್ನು ಬಾಯಲ್ಲಿ ಅಭಿನಯಿಸಿ ತೋರಿಸಿ ಬೇಸತ್ತ ಮೇಲೆ ಈ ಸ್ಟೆತೊಸ್ಕೋಪನ್ನು ಕೊಂಡೆ.

ಇದು ವೈದ್ಯರ ಕೊರಳಲ್ಲಿ ಇರುವಂಥದ್ದೇ. ಎದೆಗೆ ಒತ್ತುವ ಬಿಲ್ಲೆಯ ಬದಲು ಒಂದು ಗೇಣು ಉದ್ದದ ಉಕ್ಕಿನ ಕಡ್ಡಿ ಇರುತ್ತದೆ. ಕಡ್ಡಿಯ ತುದಿಯನ್ನು ಎಂಜಿನ್ನಿನ ಯಾವುದಾದರೂ ಭಾಗಕ್ಕೆ ತಾಗಿಸಿದರೆ ಅಲ್ಲಿನ ಕಂಪನ ನೇರವಾಗಿ ಕಿವಿಗೆ ಬರುತ್ತದೆ. ಆದರೆ ಮೊದಲ ಕೆಲವು ವಾರ ಇದು ನನ್ನನ್ನು ಹೆದರಿಸಿತು. ಎಲ್ಲಿ ಇಟ್ಟರೂ ಏನೋ ಬಡಿಯುತ್ತಿರುವಂತೆ ಕೇಳುತ್ತಿತ್ತು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳು ಟಿಕ್ ಟಿಕ್ ಎನ್ನುವುದು ಅವುಗಳ ಸಹಜ ಸದ್ದು ಎಂದು ತಿಳಿಯಲು ನನಗೆ ಸಮಯ ಹಿಡಿಯಿತು. ಆದ್ದರಿಂದ ಕೊಂಡವರಿಗೆ ನನ್ನ ಮೊದಲ ಮಾತು: ಕಾರು ಸರಿಯಾಗಿರುವಾಗಲೇ ಒಂದು ಸಂಜೆ ಕೂತು ಪ್ರತಿ ಭಾಗವನ್ನೂ ಕೇಳಿಡಿ. ನಾಲ್ಕು ಇಂಜೆಕ್ಟರುಗಳಲ್ಲಿ ಒಂದು ಮಾತ್ರ ಬೇರೆ ದನಿ ತೆಗೆದರೆ ಅದು ಸುದ್ದಿ, ನಾಲ್ಕೂ ಒಂದೇ ದನಿಯಾದರೆ ಅಲ್ಲ.

ಇನ್ನೊಂದು ಸಂಗತಿ ಕಾಲ. ಎಂಜಿನ್ ಪೂರ್ತಿ ತಣ್ಣಗಾಗಲು ಇಡೀ ರಾತ್ರಿ ಬೇಕು, ಹಾಗಾಗಿ ದಿನಕ್ಕೆ ಸಿಗುವುದು ಒಂದೇ ಅವಕಾಶ. ಬೆಳಗ್ಗೆ ಬಾನೆಟ್ ತೆರೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಡ್ಡಿಯನ್ನು ಮೊದಲೇ ಜಾಗದಲ್ಲಿ ಇಟ್ಟುಕೊಂಡು ನಿಲ್ಲುತ್ತೇನೆ. ನಾನು ಕೈ ಎತ್ತಿದ ಮೇಲೆ ಮಗಳು ಕೀಲಿ ತಿರುಗಿಸುತ್ತಾಳೆ. ಪಕ್ಕದಲ್ಲಿ ಮೊಬೈಲ್ ರೆಕಾರ್ಡ್ ಆಗುತ್ತಿರುತ್ತದೆ. ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಕಡ್ಡಿ ಹೇಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ರೆಕಾರ್ಡಿಂಗ್ ಹೇಳುತ್ತದೆ. ಎರಡೂ ಕೂಡಿದಾಗಲೇ ನನಗೆ ಉತ್ತರ ಸಿಕ್ಕಿದ್ದು.

ಎರಡನೆಯ ಚಳಿಗಾಲದಲ್ಲಿ ಇದು ತನ್ನ ಬೆಲೆಯನ್ನು ತೀರಿಸಿತು. ಸ್ಟಾರ್ಟ್ ಆದೊಡನೆ ಚುರುಕಾದ ಟಕಟಕ ಸದ್ದು, ಐದು ನಿಮಿಷಕ್ಕೆ ಮಾಯ. ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಹೋಗಿದೆ, ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಬಿಚ್ಚಬೇಕು ಎಂದರು. ನಾನು ವಾಲ್ವ್ ಕವರಿನ ಉದ್ದಕ್ಕೂ ಕಡ್ಡಿ ಇಟ್ಟು ಕೇಳಿದೆ, ಎಲ್ಲ ಕಡೆ ಒಂದೇ ಸಮನಾದ ಸದ್ದು, ಹಾಗಾಗಿ ಟ್ಯಾಪೆಟ್ ಮೇಲಿನ ಅನುಮಾನ ಕಡಿಮೆಯಾಯಿತು. ಮರುದಿನ ಕಡ್ಡಿಯನ್ನು ಕಳಚಿ ಬರಿಯ ಕೊಳವೆಯ ಬಾಯಿಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಭಾಗ) ಹತ್ತಿರ ಹಿಡಿದೆ. ಮೂರನೆಯ ಸಿಲಿಂಡರ್ ಬಳಿ ಬಂದಾಗ ಫಟ್ ಫಟ್ ಎಂದು ಗಾಳಿ ಕಿವಿಗೆ ಹೊಡೆದಂತಾಯಿತು. ಅಲ್ಲಿ ಮ್ಯಾನಿಫೋಲ್ಡನ್ನು ಬಿಗಿದಿಡುವ ಒಂದು ಸ್ಟಡ್ ಮುರಿದಿತ್ತು, ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಇತ್ತು. ತಣ್ಣಗಿರುವಾಗ ಆ ಸಂದಿನಿಂದ ಹೊಗೆ ಚಿಮ್ಮುತ್ತಿತ್ತು, ಲೋಹ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿಕೊಳ್ಳುತ್ತಿತ್ತು. ಸ್ಟಡ್ ಮತ್ತು ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಆ ಸದ್ದು ಮತ್ತೆ ಬಂದಿಲ್ಲ. ಹೆಡ್ ಬಿಚ್ಚುವ ಪ್ರಮೇಯವೇ ಬರಲಿಲ್ಲ. ಕಡ್ಡಿ ಕಳಚಿ ಬಳಸುವ ಈ ವಿಧಾನವನ್ನು ಪೊಟ್ಟಣದ ಮೇಲೆ ಎಲ್ಲಿಯೂ ಬರೆದಿಲ್ಲ. ಬರೆಯಲೇಬೇಕಿತ್ತು.

ಇನ್ನೊಮ್ಮೆ ಮೊದಲ ಎರಡು ಮೂರು ಸೆಕೆಂಡು ಮಾತ್ರ ಗರಗರ ಸದ್ದು ಬರುತ್ತಿತ್ತು. ಅಷ್ಟು ಬೇಗ ನಿಲ್ಲುವ ಸದ್ದು ಸಾಮಾನ್ಯವಾಗಿ ಆಯಿಲ್ ಮೇಲೆ ಏರಲು ತಡವಾಗುತ್ತಿರುವುದರ ಸೂಚನೆ. ಆಯಿಲ್ ಫಿಲ್ಟರಿನೊಳಗೆ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ರಬ್ಬರ್ ಪದರ ಇರುತ್ತದೆ. ಅದು ಗಟ್ಟಿಯಾದರೆ ರಾತ್ರಿಯಿಡೀ ಎಣ್ಣೆ ಕೆಳಗಿಳಿಯುತ್ತದೆ. ಒಳ್ಳೆಯ ಫಿಲ್ಟರ್ ಹಾಕಿದೆ. ಜೊತೆಗೆ 20W-50 ಬಿಟ್ಟು, ಕಾರಿನ ಕೈಪಿಡಿ ಒಪ್ಪುವ 5W-30 ಆಯಿಲ್‌ಗೆ ಬದಲಾಯಿಸಿದೆ. W ಅಕ್ಷರಕ್ಕೆ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಸುಲಭವಾಗಿ ಹರಿಯುತ್ತದೆ. ಸದ್ದು ನಿಂತಿತು. ನಿಲ್ಲದೆ ಇದ್ದಿದ್ದರೆ ಮುಂದಿನ ಅನುಮಾನ ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಮೇಲಿತ್ತು.

ಈ ಉಪಕರಣದಿಂದ ಆಗದ ಕೆಲಸವನ್ನೂ ಹೇಳಬೇಕು. ಕೀಲಿ ತಿರುಗಿಸಿದಾಗ ಟಕ್‌ಟಕ್‌ಟಕ್ ಎಂದು ಒಂದೇ ಸಮನೆ ಬಡಿದು ಎಂಜಿನ್ ತಿರುಗದಿದ್ದರೆ, ಸ್ಟಾರ್ಟರ್ ಮೋಟಾರಿಗೆ ಕರೆಂಟು ಕೂಡಿಸುವ ಸೊಲೆನಾಯ್ಡಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಇದಕ್ಕೆ ಬೇಕಾದದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ನಾನು ಅದನ್ನು ತಿಳಿಯದೆ ಹೊಸ ಬ್ಯಾಟರಿಯನ್ನೇ ಹಾಕಿಸಿದೆ, ಟಕ್‌ಟಕ್ ಹೋಗಲಿಲ್ಲ. ಆಮೇಲೆ ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಅಳೆದರೆ 1.4 ವೋಲ್ಟ್ ಇತ್ತು. ಅದು ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಆ ಎರಡನ್ನೂ ಜೋಡಿಸುವ ಅರ್ಥ್ ತಂತಿಯ ತುದಿ ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿದದ್ದಷ್ಟೇ, ಸರಿಯಾಯಿತು. ಬೆಲ್ಟ್ ಕಿರುಚಾಟಕ್ಕೂ ಸ್ಟೆತೊಸ್ಕೋಪ್ ಬೇಡ. ಹಲ್ಲಿನ ಬದಿಗೆ ಸ್ವಲ್ಪ ನೀರು ಸಿಂಪಡಿಸಿ ನೋಡಿದರೆ ಸಾಕು. ಸದ್ದು ಹೆಚ್ಚಾದರೆ ಬೆಲ್ಟ್ ಜಾರುತ್ತಿದೆ, ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ.

ಒಂದು ಸದ್ದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಬ್ಲಾಕಿನ ಪಕ್ಕದಲ್ಲಿ ಮಂದವಾದ ಡಬಡಬ, ಮೂರು ನಾಲ್ಕು ನಿಮಿಷಕ್ಕೆ ಹೋಗುತ್ತದೆ. ಅದು ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸದ್ದು. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಕಾದ ಮೇಲೆ ಅಂತರ ಕಡಿಮೆಯಾಗುತ್ತದೆ. ನಾಲ್ಕು ವರ್ಷದ ರೆಕಾರ್ಡಿಂಗ್‌ಗಳನ್ನು ಹೋಲಿಸಿದ್ದೇನೆ, ಅದು ಹೆಚ್ಚಾಗಿಲ್ಲ. ಬಿಸಿಯಾದ ಮೇಲೂ ಉಳಿಯುವ, ಆಕ್ಸಿಲರೇಟರ್ ಒತ್ತಿದಂತೆ ಜೋರಾಗುವ ಬಡಿತವಾಗಿದ್ದರೆ ಎಂಜಿನ್ ಆರಿಸಿ ಟೋ ಮಾಡಿಸುತ್ತಿದ್ದೆ. ಅಲ್ಲಿ ಬೇರಿಂಗ್ ಹೋಗುತ್ತಿರಬಹುದು.

ಬಾಳಿಕೆ ತಕ್ಕಮಟ್ಟಿಗೆ ಇದೆ. ಕಡ್ಡಿ ಹೊಸದರಂತಿದೆ. ಕೊಳವೆ ಮೂರನೆಯ ವರ್ಷಕ್ಕೆ ಪೆಡಸಾಯಿತು, ಕಡ್ಡಿ ಸೇರುವ ಪ್ಲಾಸ್ಟಿಕ್ ಭಾಗ ಸಡಿಲವಾಗಿದೆ. ಕಿವಿಯ ಗುಬುಟುಗಳು ಗಟ್ಟಿ, ಹತ್ತು ನಿಮಿಷಕ್ಕೆ ನೋಯುತ್ತವೆ. ತೂಗಾಡುವ ಕೊಳವೆಯನ್ನೂ ಅಂಗಿಯ ತೋಳನ್ನೂ ಬೆಲ್ಟ್ ಮತ್ತು ಫ್ಯಾನಿನಿಂದ ದೂರ ಇಡಿ, ಕಡ್ಡಿ ಬ್ಯಾಟರಿ ಟರ್ಮಿನಲ್‌ಗೆ ತಾಗದಿರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ, ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ಈ ವರ್ಷ ಹೊಸದೊಂದು ಸೇರಿದೆ: ಎಂಜಿನ್ ಹತ್ತಿಕೊಂಡ ಮೇಲೂ ಒಂದು ಕ್ಷಣ ಮುಂದುವರಿಯುವ ಸುಂಯ್ ಸದ್ದು. ಕಡ್ಡಿಯನ್ನು ಸ್ಟಾರ್ಟರಿನ ಮೂತಿಗೆ ಇಟ್ಟಾಗ ಅದು ಅತ್ಯಂತ ಸ್ಪಷ್ಟ. ಹಳೆಯ ಗ್ರೀಸ್ ಚಳಿಗೆ ಅಂಟಾಗಿ ಪಿನಿಯನ್ (ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರಿನ ಚಿಕ್ಕ ಹಲ್ಲುಚಕ್ರ) ನಿಧಾನವಾಗಿ ಹಿಂದೆ ಸರಿಯುತ್ತಿರಬೇಕು. ಈ ಭಾನುವಾರ ಸ್ಟಾರ್ಟರ್ ಇಳಿಸಿ ತೊಳೆಯುತ್ತೇನೆ.