ಟ್ರಿಯೆಸ್ಟ್‌ಗೆ ಹೋಗದ ಕರೆ: ಪಿಆರ್‌ಐ ಲೈನ್, ಸಿಪ್ ಟ್ರಂಕ್ ಎರಡರಲ್ಲೂ ಹುಡುಕಿದ್ದು

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಫೋನ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ನನ್ನದು. ಭಾರತದ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ; ನಮಗೂ ಅಷ್ಟೇ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 1.30 ಆದಾಗ ಅಲ್ಲಿ ಬೆಳಗಿನ 9. ಆ ಹೊತ್ತಿಗೆ ಕರೆ ಹೋಗದಿದ್ದರೆ ಹಡಗಿನ ಕಾಗದಪತ್ರಗಳು ಅಲ್ಲೇ ನಿಂತುಬಿಡುತ್ತವೆ.

ಆ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಕರೆ ಸಲೀಸಾಗಿ ಹೋಗುತ್ತಿತ್ತು, ಇಟಲಿಯ ಬಂದರು ನಗರ ಟ್ರಿಯೆಸ್ಟ್‌ಗೆ ಮಾತ್ರ ಹೋಗುತ್ತಿರಲಿಲ್ಲ. ನನ್ನ ಮೊಬೈಲ್‌ನಿಂದ ಅದೇ ಸಂಖ್ಯೆ ಒಂದೇ ಸಲಕ್ಕೆ ಸಿಕ್ಕಿತು. ಅಂದರೆ ದೋಷ ನಮ್ಮ ಎಕ್ಸ್‌ಚೇಂಜ್ (ಕಚೇರಿಯ ಫೋನ್‌ಗಳನ್ನು ಹೊರಗಿನ ಲೈನ್‌ಗೆ ಜೋಡಿಸುವ ಯಂತ್ರ) ಕಡೆಯೇ ಇತ್ತು. ಫೋನ್ ಕಂಪನಿಯಿಂದ ಕೇಬಲ್‌ನಲ್ಲಿ ಬರುವ ಹಳೆಯ ಡಿಜಿಟಲ್ ಲೈನ್, ಅಂದರೆ ಪಿಆರ್‌ಐ, ಇನ್ನೂ ಇತ್ತು; ಇಂಟರ್ನೆಟ್ ಮೂಲಕ ಕರೆ ಸಾಗಿಸುವ ಸಿಪ್ ಟ್ರಂಕ್ ಆಗಷ್ಟೇ ಬಂದಿತ್ತು. ಎರಡರಲ್ಲೂ ಹಚ್ಚಿ ನೋಡಿದೆ.

ಪಿಆರ್‌ಐ ನಂಬಿಕಸ್ಥ ಲೈನ್. ಒಂದೇ ಕೇಬಲ್‌ನಲ್ಲಿ 30 ಕರೆ, ಮಾತು ಗಾಜಿನಷ್ಟು ಸ್ಪಷ್ಟ. ಆದರೆ ಕರೆ ಬಿದ್ದುಹೋದರೆ ಮಾತನಾಡುವವರಿಗೆ ಕೇಳುವುದು ಒಂದು ಟೋನ್ ಅಷ್ಟೇ. ಕಾರಣದ ಸಂಖ್ಯೆ ಎಕ್ಸ್‌ಚೇಂಜ್‌ನ ಒಳಗಿರುತ್ತದೆ: 34 ಎಂದರೆ ಖಾಲಿ ಚಾನೆಲ್ ಇಲ್ಲ, 28 ಎಂದರೆ ಸಂಖ್ಯೆಯ ರೂಪ ತಪ್ಪು, 1 ಎಂದರೆ ಅಂಥ ಸಂಖ್ಯೆಯೇ ಇಲ್ಲ. ಅದನ್ನು ನೋಡಲು ಬೇಕಾದ ಪಾಸ್‌ವರ್ಡ್ ನಿರ್ವಹಣೆಯ ಗುತ್ತಿಗೆದಾರರ ಬಳಿ ಇತ್ತು. ಮೂರು ದಿನ ಬೆನ್ನುಬಿದ್ದು ಪಡೆದೆ. ಕಂಡದ್ದು 1. ಸರಿ, ಆದರೆ ನಾವು ಕಳಿಸಿದ ಸಂಖ್ಯೆ ಯಾವುದು? ನಮ್ಮ ಯಂತ್ರದ ದಾಖಲೆಯಲ್ಲಿ ಅದು ಇರಲಿಲ್ಲ.

ಸಿಪ್‌ನಲ್ಲಿ ಅದೇ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಪ್ರತಿ ಕರೆಗೂ ಎರಡು ಕಡೆಯ ಯಂತ್ರಗಳು ನಡೆಸುವ ಮಾತುಕತೆ ಅಲ್ಲಿ ಅಕ್ಷರಗಳಲ್ಲೇ ಇರುತ್ತದೆ. ನಮ್ಮ ಕಡೆಯಿಂದ ಹೊರಟ ಸಂಖ್ಯೆ +3940 ಎಂದು ಶುರುವಾಗಿತ್ತು; ಆಚೆಯಿಂದ ಬಂದ ಉತ್ತರ 404, ಅಂದರೆ ಅಂಥ ಸಂಖ್ಯೆ ಸಿಗಲಿಲ್ಲ. ನೋಡಿದ ಕೂಡಲೇ ಹೊಳೆಯಿತು: 39ರ ನಂತರದ ಸೊನ್ನೆ ಮಾಯವಾಗಿತ್ತು.

ಹ್ಯಾಂಬರ್ಗ್, ಟ್ರಿಯೆಸ್ಟ್ ಎರಡರ ಕೋಡೂ 040. ಜರ್ಮನಿಗೆ ಹೊರದೇಶದಿಂದ ಕರೆ ಮಾಡುವಾಗ ಸೊನ್ನೆ ಬಿಡಬೇಕು, +4940 ಆಗುತ್ತದೆ. ಇಟಲಿಯ ಸ್ಥಿರ ದೂರವಾಣಿಗೆ ಸೊನ್ನೆ ಸಂಖ್ಯೆಯದೇ ಭಾಗ, +39040 ಎಂದೇ ಒತ್ತಬೇಕು. ಜರ್ಮನಿಯ ವಿಸಿಟಿಂಗ್ ಕಾರ್ಡ್‌ಗಳಲ್ಲಿ ಸೊನ್ನೆಯನ್ನು ಆವರಣದಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮವರು ಅದನ್ನೂ ಸೇರಿಸಿ ಒತ್ತುತ್ತಿದ್ದರು. ಆ ತೊಂದರೆ ತಪ್ಪಿಸಲು ಯಾರೋ ದೇಶದ ಕೋಡ್ ನಂತರದ ಸೊನ್ನೆ ತೆಗೆಯುವ ನಿಯಮವನ್ನು ಎಲ್ಲ ದೇಶಗಳಿಗೂ ಹಾಕಿಬಿಟ್ಟಿದ್ದರು. 39ನ್ನು ಅದರಿಂದ ಹೊರಗಿಟ್ಟೆ. ಎರಡೂ ಲೈನ್‌ಗಳಲ್ಲಿ ಟ್ರಿಯೆಸ್ಟ್ ಸಿಕ್ಕಿತು.

ಸಿಪ್‌ನ ಕಾಟ ಬೇರೆ. ಮೊದಲ ವಾರ ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದು ನಮಗಿಲ್ಲ. ರೂಟರ್‌ನ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಧ್ವನಿ ಎಲ್ಲಿಗೆ ಬರಬೇಕೆಂಬ ವಿಳಾಸಗಳನ್ನು ತಿದ್ದಿ ಕೆಡಿಸುತ್ತಿತ್ತು. ಅದನ್ನು ಆಫ್ ಮಾಡಿದ ಮೇಲೆ ಸರಿಹೋಯಿತು. ದೊಡ್ಡ ಕಡತ ಕಳಿಸುವ ಹೊತ್ತಿನಲ್ಲಿ ಧ್ವನಿ ಈಗಲೂ ಒಡೆಯುತ್ತದೆ, ಪಿಆರ್‌ಐನಲ್ಲಿ ಅದೆಂದೂ ಆಗಿಲ್ಲ.

ಆದರೂ ಹೊರದೇಶದ ಕರೆಗೆ ನಾನು ಸಿಪ್ ಅನ್ನೇ ಆರಿಸುತ್ತೇನೆ, ಕೆಟ್ಟದ್ದು ಎಲ್ಲಿ ಎಂದು ಅದು ತೋರಿಸುತ್ತದೆ. ಪಿಆರ್‌ಐ ಒಳಬರುವ ಕರೆಗಳಿಗಿದೆ. ಸಿಪ್ 503 (ಸೇವೆ ಸದ್ಯಕ್ಕಿಲ್ಲ) ಎಂದರೆ ಕರೆ ತಾನಾಗಿ ಪಿಆರ್‌ಐಗೆ ಹೊರಳುತ್ತದೆ. 404 ಎಂದರೆ ಹೊರಳದಂತೆ ಇಟ್ಟಿದ್ದೇನೆ, ತಪ್ಪು ಸಂಖ್ಯೆ ಎರಡನೆಯ ಲೈನ್‌ನಲ್ಲೂ ತಪ್ಪೇ.